ಅಡಿಗೊಂದು ಮಣ ಹಿಮ

ಗುರುಶಾಂತಪ್ಪನವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಒಮ್ಮೆ ತಲೆಯೆತ್ತಿ ಸೂರನ್ನು ನೋಡುತ್ತಿದ್ದರು. ಜೇಡರ ಬಲೆ ಕಂಡಿತೇನೋ ಎಂದು ಮನೆಯವರಿಗೆ ಮುಜುಗರ. ಅವರು ನೋಡುತ್ತಿದ್ದದ್ದು ಛಾವಣಿ ಹೊತ್ತ ಮರದ ಜಂತೆಗಳನ್ನು. ಎಷ್ಟು ಅಂತರಕ್ಕೆ ಒಂದು ಜಂತೆ, ಗೋಡೆಯೊಳಕ್ಕೆ ಎಷ್ಟು ಅಂಗುಲ ಹೋಗಿದೆ, ನಡುವೆ ಎಲ್ಲಾದರೂ ಬಾಗಿದೆಯೇ. ನೋಡಿ ಸಮಾಧಾನವಾದ ಮೇಲೆಯೇ ಒಳಗೆ ಬಂದು ಕಾಫಿಗೆ ಕೈ ಚಾಚುತ್ತಿದ್ದರು.

ಅವರು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಖಾಸಗಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ತಿಪಟೂರಿನ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಬಂದವರು. ಬೆರಳು ಉದ್ದ, ಮಾತು ಗಿಡ್ಡ. ಇಂಜಿನಿಯರುಗಳು ಲೆಕ್ಕ ಹಾಕಿ ಕೊಟ್ಟದ್ದನ್ನು ಶಾಯಿಯಲ್ಲಿ ಗೆರೆಯಾಗಿ ಇಳಿಸುವುದು ಅವರ ಕೆಲಸ. ಇಪ್ಪತ್ತು ವರ್ಷ ಬೇರೆಯವರ ಲೆಕ್ಕಕ್ಕೆ ಗೆರೆ ಎಳೆದವರಿಗೆ ತಮ್ಮದೇ ಒಂದು ಲೆಕ್ಕ ಇರಬೇಕು ಎಂಬ ಆಸೆ ಒಳಗೊಳಗೇ ಬೆಳೆದಿತ್ತು. ೧೯೫೭ರಲ್ಲಿ ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆ ಕಟ್ಟುವ ಕಾಲ ಬಂದಾಗ ಅವರು ಯಾವ ಇಂಜಿನಿಯರನ್ನೂ ಕೇಳಲಿಲ್ಲ. ಲಂಡನ್ನಿನಲ್ಲಿ ಅಚ್ಚಾದ ಒಂದು ದಪ್ಪ ಕೈಪಿಡಿ ಕಚೇರಿಯಲ್ಲಿತ್ತು. ಅದನ್ನು ಶನಿವಾರ ಮನೆಗೆ ತಂದು, ಬಾಡಿಗೆ ಮನೆಯ ಕಿಟಕಿಯ ಬಳಿ ಕೂತು, ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ತಮ್ಮ ತಾರಸಿಯ ಲೆಕ್ಕ ಹಾಕಿದರು.

ಕೈಪಿಡಿಯಲ್ಲಿ ಛಾವಣಿ ಹೊರಬೇಕಾದ ತೂಕಕ್ಕೆ ಮೂರು ಕಾಲಂ ಇದ್ದವು. ಡಿ, ಎಲ್, ಎಸ್. ಡಿ ಎಂದರೆ ಛಾವಣಿಯ ಸ್ವಂತ ತೂಕ. ಎಲ್ ಎಂದರೆ ಮೇಲೆ ಓಡಾಡುವ ಜನ, ಒಣಗಲು ಹಾಕಿದ ಹಪ್ಪಳ, ನೀರಿನ ಹಂಡೆ. ಎರಡೂ ಅವರಿಗೆ ಕಚೇರಿಯಲ್ಲಿ ಕೇಳಿ ಗೊತ್ತಿದ್ದವು. ಎಸ್ ಎಂದರೆ ಸೇಫ್ಟಿ ಎಂದು ತಾವೇ ತಿಳಿದುಕೊಂಡರು. ಚದರ ಅಡಿಗೆ ಇಪ್ಪತ್ತೈದು ಪೌಂಡು ಎಂದಿತ್ತು. ಹೆಚ್ಚುಕಮ್ಮಿ ಒಂದು ಮಣ. ಜೋಪಾನದ ದೊರೆಗಳು ಎಂದುಕೊಂಡು ಅದನ್ನೂ ಸೇರಿಸಿದರು.

ಹಾಗಾಗಿ ನಡುಮನೆಗೆ ಹಾಕಬೇಕಾದದ್ದಕ್ಕಿಂತ ಹೆಚ್ಚು ತೇಗದ ಜಂತೆಗಳು ಬಂದವು. ಬಡಗಿ ಲೆಕ್ಕ ಮಾಡಿ ನಕ್ಕಿದ್ದ.

"ಏನ್ ಸಾರ್, ಮೇಲೆ ಆನೆ ಕಟ್ತೀರಾ?"

"ಸೇಫ್ಟಿ ಕಣಪ್ಪ" ಎಂದಿದ್ದರು ಗುರುಶಾಂತಪ್ಪ. ಆ ಮಾತನ್ನು ಅವರು ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ ಪಕ್ಕದಲ್ಲಿದ್ದ ಹೆಂಡತಿ ಜಯದೇವಿ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡಬೇಕಾಯಿತು.

ಗೃಹಪ್ರವೇಶವಾಗಿ ಎರಡು ವರ್ಷಕ್ಕೆ ಆ ಹೆಮ್ಮೆ ಮುರಿಯಿತು. ಕಚೇರಿಯಲ್ಲಿ ಪಕ್ಕದ ಮೇಜಿನ ಕೊಟ್ರಪ್ಪ ಏನೋ ಹುಡುಕಲು ಕೈಪಿಡಿ ತೆಗೆದಿದ್ದ. ಕೊಟ್ರಪ್ಪನದು ಕೆಟ್ಟ ಮನಸ್ಸಲ್ಲ. ಸುಮ್ಮನಿರಲಾರದ ನಾಲಿಗೆ, ಅಷ್ಟೆ.

"ಗುರುಶಾಂತಪ್ಪನೋರೆ, ಇದ್ರಾಗೆ ಎಸ್ ಅಂದ್ರೆ ಏನ್ರೀ?"

"ಸೇಫ್ಟಿ."

"ಹಿಂದಿನ ಪುಟದಾಗೆ ಬೇರೆ ಬರ್ದವ್ರಲ್ಲ. ಸ್ನೋ ಅಂತೆ. ಅವರ ದೇಶದಾಗೆ ಮನೆ ಮೇಲೆ ಹಿಮ ಬಿದ್ದು ಗುಡ್ಡೆ ಆಗ್ತದಲ್ಲ, ಅದ್ರ ತೂಕ."

ಗುರುಶಾಂತಪ್ಪ ಎದ್ದು ಹೋಗಿ ನೋಡಿದರು. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾಗೇ ಇತ್ತು. ಆಗ ಅವರು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರ ಬಾಯಿಂದ, ತನಗೆ ತಾನೇ ಹೇಳಿಕೊಂಡಂತೆ, "ನಮ್ಮ ಮನೇಗೆ ಇದನ್ನೂ ಹಾಕ್ಬಿಟ್ಟಿದೀನಿ" ಎಂಬ ಮಾತು ಬಂದುಹೋಯಿತು.

ಕಚೇರಿಯಲ್ಲಿ ಮಾಳಿಗೆ ಹಾರುವಂತೆ ನಗು ಎದ್ದಿತು. ಅಂದಿನಿಂದ ಬೆಳಿಗ್ಗೆ ಅವರು ಛತ್ರಿ ಮೂಲೆಗೆ ಇಡುವಷ್ಟರಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು. "ಜಯನಗರದಾಗೆ ನಿನ್ನೆ ಎಷ್ಟು ಬಿತ್ತು ಸಾರ್?" "ಮನೆ ಮುಂದಿನ ಹಿಮ ಗುಡ್ಸೋಕೆ ಆಳು ಸಿಕ್ತಾ?" ಗುರುಶಾಂತಪ್ಪ ಅವರ ಜೊತೆ ತಾವೂ ನಗುತ್ತಿದ್ದರು. ನಕ್ಕಾಗ ಅವರ ಕಿವಿಯ ತುದಿ ಕೆಂಪಗಾಗುತ್ತಿತ್ತು.

ಮೊದಲ ದಿನ ಸಂಜೆ ಮನೆಗೆ ಬಂದವರು ಅಂಗಿ ಬಿಚ್ಚದೆ ಕೂತರು.

"ಜಯಾ, ನಾನು ನಮ್ಮ ಮನೆ ಮೇಲೆ ಸ್ನೋ ಹಾಕಿದೀನಿ."

ಜಯದೇವಿಗೆ ತಿಳಿದಿದ್ದ ಸ್ನೋ ಒಂದೇ. ಕನ್ನಡಿಯ ಕೆಳಗೆ ಬಿಳಿ ಗಾಜಿನ ಭರಣಿಯಲ್ಲಿ ಇರುತ್ತಿದ್ದದ್ದು, ಮುಖಕ್ಕೆ ಹಚ್ಚಿಕೊಳ್ಳುವಂಥದ್ದು.

"ಯಾಕ್ರೀ ಹಾಕೋಕೆ ಹೋದ್ರಿ, ಇನ್ನೂ ಅರ್ಧ ಬಾಟ್ಲಿ ಇತ್ತಲ್ಲ" ಎಂದಳು.

ಅವರು ನಡೆದದ್ದನ್ನೆಲ್ಲ ಹೇಳಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ತಾರಸಿಗೆ ಸ್ನೋ ಹಚ್ಚಿ ಪೌಡರು ಹಾಕಿ ಬೊಟ್ಟು ಇಟ್ಟರೆ ಹೇಗೆ ಕಾಣಬಹುದೆಂದು ಹೇಳಿ ಇನ್ನೂ ನಕ್ಕಳು. ಮತ್ತೆ ಗಂಡನ ಮುಖ ನೋಡಿ ನಿಲ್ಲಿಸಿದಳು.

"ಗಟ್ಟಿ ಆಯ್ತಲ್ಲ, ಆಗ್ಲಿ ಬಿಡಿ. ತೆಳ್ಳಗೆ ಮಾಡಿದ್ರೆ ತಾನೇ ತಪ್ಪು?"

"ಅದಲ್ಲ ಕಣೇ. ಒಂದು ಅಕ್ಷರ ನೆಟ್ಟಗೆ ಓದಲಾರದೋನು ಇನ್ನು ಏನೇನು ತಪ್ಪು ಮಾಡಿದೀನೋ."

ಆ ಮಾತು ಹೇಳಿ ಮುಗಿಯಲಿಲ್ಲ, ಒಳಗೇ ಉಳಿಯಿತು. ಮರುವರ್ಷ ಕಚೇರಿಯ ಯಜಮಾನರು ಅವರನ್ನು ಕರೆದು, ಗುರುಶಾಂತಪ್ಪ, ನೀವು ಇನ್ನು ಲೆಕ್ಕದ ಮೇಜಿಗೆ ಬನ್ನಿ, ಸಣ್ಣ ಮನೆಗಳನ್ನು ನೀವೇ ನೋಡಿ ಎಂದಾಗ, ಕಣ್ಣು ಮೊದಲಿನಂತಿಲ್ಲ ಎಂದು ಹೇಳಿ ಬಂದರು. ಕಣ್ಣಿಗೆ ಏನೂ ಆಗಿರಲಿಲ್ಲ. ನೀಲಿ ನೋಟುಬುಕ್ಕು ಬೀರುವಿನಲ್ಲಿ ಹಾಸಿಗೆ ಹೊದಿಕೆಗಳ ಅಡಿಗೆ ಹೋಯಿತು.

ಜಯದೇವಿಯ ಸಂಸಾರ ಬೇರೆಯೇ ಬೆಳೆದಿತ್ತು. ಅವರಿಗೆ ಮಕ್ಕಳಿರಲಿಲ್ಲ. ಪಕ್ಕದಲ್ಲಿ ಒಂದು ಖಾಲಿ ನಿವೇಶನವಿತ್ತು, ತುಂಬೆ, ಉತ್ತರಾಣಿ ಬೆಳೆದದ್ದು. ಅವಳು ಅದನ್ನು ಕೀಳಿಸಿ, ನೀರು ಹಾಕಿ ನೆಲ ಗಟ್ಟಿ ಮಾಡಿ, ಬೀದಿಯ ನಾಲ್ಕು ಹೆಣ್ಣುಮಕ್ಕಳಿಗೆ ಕೋಲಾಟ ಹೇಳಿಕೊಡಲು ಶುರು ಮಾಡಿದಳು. ತವರಿನಲ್ಲಿ ಅಜ್ಜಿಯಿಂದ ಕಲಿತದ್ದು. ನಾಲ್ಕು ಎಂಟಾಗಿ, ಎಂಟು ಇಪ್ಪತ್ತನಾಲ್ಕಾಯಿತು. ನವರಾತ್ರಿಯಲ್ಲಿ ಬ್ಲಾಕಿನ ರಾಮಮಂದಿರದ ಮುಂದೆ ಈ ಹುಡುಗಿಯರು ಕೋಲು ಹಿಡಿದು ಸುತ್ತುವುದನ್ನು ನೋಡಲು ವಿಲ್ಸನ್ ಗಾರ್ಡನ್ನಿನಿಂದಲೂ ಜನ ಬರುತ್ತಿದ್ದರು. ಸಂಜೆ ಬಸ್ಸಿಳಿದು ಬರುವಾಗ ಗುರುಶಾಂತಪ್ಪನವರಿಗೆ ತಿರುವಿನಲ್ಲೇ ಕೋಲಿನ ಸದ್ದು ಕೇಳುತ್ತಿತ್ತು. ಅದು ಕೇಳಿದೊಡನೆ ಅವರ ನಡಿಗೆ ನಿಧಾನವಾಗುತ್ತಿತ್ತು. ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ನಡೆಯಬೇಕು ಎಂಬ ಆಸೆ.

೧೯೬೩ರ ಆಷಾಢ ಕಳೆದ ಮೇಲೆ ಪಕ್ಕದ ನಿವೇಶನಕ್ಕೆ ಒಡೆಯರು ಬಂದರು. ದಾರ ಹಿಡಿದು ಸುಣ್ಣದ ಗೆರೆ ಎಳೆದರು. ಎತ್ತಿನ ಗಾಡಿಗಳು ಕಲ್ಲು ಸುರಿದವು. ಅಂದು ಸಂಜೆ ಕೋಲು ಹಿಡಿದು ಬಂದ ಹುಡುಗಿಯರು ಕಲ್ಲಿನ ರಾಶಿಯನ್ನೂ ಜಯದೇವಿಯನ್ನೂ ನೋಡುತ್ತ ಗೇಟಿನ ಬಳಿ ನಿಂತರು. ಆಚೀಚೆ ಎಲ್ಲ ನಿವೇಶನಗಳೂ ಆಗಲೇ ಮನೆಗಳಾಗಿದ್ದವು. ರಾಮಮಂದಿರದ ಅಂಗಳದಲ್ಲಿ ದಿನಾ ಭಜನೆ.

ಜಯದೇವಿ ಗಂಡ ಊಟ ಮುಗಿಸುವವರೆಗೂ ಕಾದಳು.

"ತಾರಸಿ ಮೇಲೆ ಮಾಡಿಸ್ಲಾ?"

ಗುರುಶಾಂತಪ್ಪ ಕೈ ತೊಳೆಯುತ್ತಿದ್ದವರು ಹಾಗೇ ನಿಂತರು.

"ಬೇಡ."

"ಅಷ್ಟು ಜಂತೆ ಹಾಕಿಸಿದೀರಲ್ಲ."

"ಆ ಲೆಕ್ಕ ಹಾಕಿದ್ದು ನಾನು, ಜಯಾ. ಬೇರೆ ಯಾರಾದ್ರೂ ಹಾಕಿದ್ರೆ ಹೂಂ ಅಂತಿದ್ದೆ. ಇಪ್ಪತ್ತನಾಲ್ಕು ಜನದ ಮಕ್ಕಳು. ಒಂದೇ ಸಲ ಕಾಲು ಎತ್ತಿ ಇಡ್ತಾರೆ."

ಅವಳು ಜಗಳವಾಡಲಿಲ್ಲ. ಮರುದಿನದಿಂದ ಹುಡುಗಿಯರನ್ನು ಜಗಲಿಯ ಮೇಲೆ ಎರಡು ಸಾಲಿನಲ್ಲಿ ಕೂರಿಸಿ, ಕೂತಲ್ಲೇ ಕೋಲು ಹೊಡೆಸಿದಳು. ಕಾಲಿಲ್ಲದ ಕೋಲಾಟ. ಎರಡು ವಾರಕ್ಕೆ ಇಪ್ಪತ್ತನಾಲ್ಕು ಹತ್ತೊಂಬತ್ತಾಯಿತು. ಎದುರುಮನೆಯ ಸತ್ಯಭಾಮಾ ತನ್ನ ಮಗಳು ಕಾತ್ಯಾಯಿನಿಯನ್ನು ಕರೆದುಕೊಂಡು ಹೋಗಲು ಬಂದವಳು ಸಂಕೋಚದಿಂದಲೇ ಹೇಳಿದಳು.

"ತಪ್ಪು ತಿಳ್ಕೋಬೇಡಿ ಜಯದೇವಮ್ಮ. ಕೂತು ಕಲಿಯೋದಾದ್ರೆ ವೀಣೆ ಕ್ಲಾಸಿಗೇ ಹಾಕ್ಬಿಡೋಣ ಅಂತಿದಾರೆ ನಮ್ಮನೆಯವರು. ಈ ತಿಂಗಳು ನೋಡ್ತೀನಿ."

"ಹಾಕಿ, ಪಾಪ. ಅದೂ ಒಳ್ಳೇದೇ" ಎಂದಳು ಜಯದೇವಿ. ಒಳಗಿನ ಕೋಣೆಯಲ್ಲಿದ್ದ ಗುರುಶಾಂತಪ್ಪನವರಿಗೆ ಅದು ಕೇಳಿಸಿತು. ಹೆಂಡತಿಯ ದನಿ ಅಷ್ಟು ಸಮಾಧಾನವಾಗಿದ್ದದ್ದೇ ಅವರಿಗೆ ತಡೆಯದಾಯಿತು. ಈ ತಿಂಗಳು ಕಳೆದರೆ ನವರಾತ್ರಿಗೆ ಹದಿನೈದು ದಿನ. ಅಷ್ಟರಲ್ಲಿ ಏನೂ ಆಗದಿದ್ದರೆ ಈ ಮನೆಯಲ್ಲಿ ಕೋಲಿನ ಸದ್ದು ಇರುವುದಿಲ್ಲ.

ಮರುದಿನ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಎದ್ದು ಹೊದಿಕೆಗಳ ಅಡಿಯಿಂದ ನೀಲಿ ನೋಟುಬುಕ್ಕು ತೆಗೆದರು. ನಾಲ್ಕು ವರ್ಷದಿಂದ ಮುಟ್ಟದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತಮ್ಮ ಕೈಬರಹವೇ ಬೇರೆಯವರದೆನ್ನಿಸಿತು. ಅಲ್ಲಿ ಎಸ್ ಎಂಬ ಅಕ್ಷರದ ಎದುರು ಇಪ್ಪತ್ತೈದು. ಅದು ನೆನಪಾದಾಗಲೆಲ್ಲ ಮುಖ ತಿರುಗಿಸುತ್ತಿದ್ದವರು ಅಂದು ದಿಟ್ಟಿಸಿ ನೋಡಿದರು.

ನಡುಮನೆಯ ಛಾವಣಿ ಹನ್ನೆರಡು ಅಡಿಗೆ ಹದಿನೆಂಟು. ಇನ್ನೂರ ಹದಿನಾರು ಚದರ ಅಡಿ. ಒಂದೊಂದರ ಮೇಲೂ ಇಪ್ಪತ್ತೈದು ಪೌಂಡು ಹಿಮ. ಒಟ್ಟು ಐದು ಸಾವಿರದ ನಾನೂರು. ಈ ಹಿಮ ಜಯನಗರದಲ್ಲಿ ಯಾವ ಕಾಲಕ್ಕೂ ಬೀಳುವುದಿಲ್ಲ. ಅಂದರೆ ತೇಗದ ಮರ ಐದು ಸಾವಿರದ ನಾನೂರು ಪೌಂಡನ್ನು ಹೊರಲು ಆರು ವರ್ಷದಿಂದ ಸಿದ್ಧವಾಗಿ ನಿಂತಿದೆ. ಯಾರೂ ಅದಕ್ಕೆ ಏನನ್ನೂ ಕೊಟ್ಟಿಲ್ಲ.

ಇನ್ನು ಮಕ್ಕಳ ತೂಕ ಬೇಕು. ಅಂದಾಜು ಸಾಲದು. ಅಂದಾಜಿನ ಮೇಲೆ ಅವರಿಗೆ ನಂಬಿಕೆ ಹೋಗಿ ಬಹಳ ದಿನವಾಗಿತ್ತು. ಬಿಟ್ಟುಹೋದ ಐವರನ್ನೂ ಮನೆಗಳಿಗೆ ಹೋಗಿ ಕೇಳಿಕೊಂಡು ಕರೆತಂದು, ಭಾನುವಾರ ಬೆಳಿಗ್ಗೆ ಇಪ್ಪತ್ತನಾಲ್ಕೂ ಹುಡುಗಿಯರನ್ನು ಸಾಲಾಗಿ ನಡೆಸಿಕೊಂಡು ಸೌದೆ ಡಿಪೋಗೆ ಹೊರಟರು. ಅಷ್ಟು ದೊಡ್ಡ ತಕ್ಕಡಿ ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ. ಮೂರು ಗಳಗಳ ನಡುವೆ ಸರಪಳಿಯಲ್ಲಿ ನೇತುಬಿಟ್ಟ ಹಲಗೆಯ ತಟ್ಟೆಗಳು. ಡಿಪೋದ ಕರಿಬಸವಯ್ಯ ಬೀಡಿ ಆರಿಸಿ ಎದ್ದು ನಿಂತ.

"ಏನ್ ಸ್ವಾಮಿ ಇದು ಮೆರವಣಿಗೆ?"

"ಇವರನ್ನ ತೂಗ್ಬೇಕು."

ಕರಿಬಸವಯ್ಯ ಹುಡುಗಿಯರನ್ನು ಮೇಲಿಂದ ಕೆಳಗೆ ನೋಡಿದ. "ಹಸಿ ಸೌದೆ ಸ್ವಾಮಿ. ಒಲೇಗೆ ಹತ್ತಲ್ಲ" ಎಂದ.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾಲ್ಕು ನಾಲ್ಕು ಜನರನ್ನು ಹಲಗೆಯ ಮೇಲೆ ಕೂರಿಸಿ ತೂಗಿದ್ದಾಯಿತು. ಕಿಲೋ ಬಂದಿದ್ದರೂ ಡಿಪೋದ ಬಾಯಲ್ಲಿ ಇನ್ನೂ ಮಣವೇ. ಗುರುಶಾಂತಪ್ಪ ಪ್ರತಿ ಸಲವೂ ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಉಸಿರು ಹಿಡಿದು, ನಿಂತ ಮೇಲೆ ಬರೆದುಕೊಂಡರು. ಒಟ್ಟು ಅರವತ್ತೆಂಟು ಮಣ.

"ಸ್ವಾಮಿ, ಮನೆಗೆ ಕಳಿಸ್ಲಾ, ನೀವೇ ತಗೊಂಡು ಹೋಗ್ತೀರಾ?" ಎಂದ ಕರಿಬಸವಯ್ಯ.

ಅರವತ್ತೆಂಟು ಮಣವೆಂದರೆ ಸಾವಿರದ ಏಳುನೂರು ಪೌಂಡು. ಜಯದೇವಿ ತಕ್ಕಡಿ ಹತ್ತಲು ಸುತರಾಂ ಒಪ್ಪಲಿಲ್ಲ. ಅವಳದನ್ನು ನೂರ ಇಪ್ಪತ್ತೆಂದು ಹಿಡಿದರು. ಕುಣಿಯುವಾಗ ಬೀಳುವ ಪೆಟ್ಟಿಗಾಗಿ ಎಲ್ಲವನ್ನೂ ಎರಡರಿಂದ ಗುಣಿಸಿದರು. ಮೂರು ಸಾವಿರದ ಆರುನೂರ ನಲವತ್ತು. ಬಾರದ ಹಿಮದ ತೂಕದೊಳಗೇ ಮಕ್ಕಳ ಭಾರ ಪೂರ್ತಿ ಹಿಡಿದಿತ್ತು.

ಸೋಮವಾರ ನೋಟುಬುಕ್ಕನ್ನು ಕೊಟ್ರಪ್ಪನ ಮೇಜಿನ ಮೇಲೆ ಇಟ್ಟರು. "ಒಂಚೂರು ನೋಡಿ. ನಗೋದಾದ್ರೆ ನೋಡಿ ಆದ್ಮೇಲೆ ನಗಿ."

ಕೊಟ್ರಪ್ಪ ನಗಲಿಲ್ಲ. ಊಟದ ವೇಳೆ ಪೂರ್ತಿ ಡಬ್ಬಿ ಬಿಚ್ಚದೆ ಕೂತು ನೋಡಿದ. ಪಕ್ಕದ ಚೀಟಿಯಲ್ಲಿ ತಾನೂ ಬೇರೆಯಾಗಿ ಲೆಕ್ಕ ಹಾಕಿದ.

"ಸರಿಯಾಗೈತಿ ಗುರುಶಾಂತಪ್ಪನೋರೆ. ನಾನು ಹಾಕಿದ್ರೂ ಇಷ್ಟೇ ಬರ್ತದೆ." ನೋಟುಬುಕ್ಕು ಹಿಂದಕ್ಕೆ ಕೊಡುತ್ತ, "ಆವತ್ತು ನಾನು ಅಷ್ಟು ಜೋರಾಗಿ ಓದಬಾರದಾಗಿತ್ತು" ಎಂದ.

"ಬಿಡಪ್ಪ" ಎಂದರು ಗುರುಶಾಂತಪ್ಪ.

ಆದರೂ ಮನಸ್ಸು ಒಪ್ಪಲಿಲ್ಲ. ಹಿಮ ಆಕಾಶದಿಂದ ಹತ್ತಿಯ ಹಾಗೆ ಇಳಿಯುತ್ತದಂತೆ, ಬಂದು ಮಲಗುತ್ತದೆ, ಕರಗುವವರೆಗೂ ಮಿಸುಕುವುದಿಲ್ಲ. ಹಿಮ ಕುಣಿಯುವುದಿಲ್ಲ. ಎರಡರಿಂದ ಗುಣಿಸಿದ್ದು ಸಾಕೋ ಸಾಲದೋ ಎಂದು ಹೇಳುವ ಪುಸ್ತಕ ಅವರ ಬಳಿ ಇರಲಿಲ್ಲ. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ಅವರು ಬೆಳಿಗ್ಗೆ ಹಲ್ಲುಜ್ಜುವಾಗ, ಬಸ್ಸಿನಲ್ಲಿ ನಿಂತಾಗ, ತಲೆಯೊಳಗೆ ಅದೇ ಗುಣಾಕಾರ ಮಾಡುತ್ತಿದ್ದರು. ಉತ್ತರ ಪ್ರತಿ ಸಲವೂ ಒಂದೇ ಬರುತ್ತಿತ್ತು, ಧೈರ್ಯ ಮಾತ್ರ ಬರುತ್ತಿರಲಿಲ್ಲ.

ಸೊಣ್ಣಮ್ಮ ಬಂದದ್ದು ಆ ಗುರುವಾರ. ಯಡಿಯೂರಿನವಳು. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. ಹೊಲ ಹೋದ ಮೇಲೆ ಅದೇ ನೆಲದ ಮೇಲೆ ಏಳುವ ಮನೆಗಳ ತಾರಸಿಯ ಗಾರೆ ಬಡಿದು ಗಟ್ಟಿ ಮಾಡುವ ಹೆಂಗಸರ ಗುಂಪಿಗೆ ಮುಖ್ಯಸ್ಥೆಯಾಗಿದ್ದಳು. ಈಗ ತೋಳಿನ ಶಕ್ತಿ ಕಡಿಮೆಯಾಗಿ ಸೊಪ್ಪು ಮಾರುತ್ತಿದ್ದಳು. ಜಗಲಿಯ ಮೇಲೆ ದಂಟಿನ ಕಟ್ಟು ಬಿಚ್ಚುತ್ತ, ಕೂತು ಕೋಲು ಹೊಡೆಯುತ್ತಿದ್ದ ಹುಡುಗಿಯರನ್ನು ನೋಡಿದಳು.

"ಇದೇನವ್ವ, ಕಾಲು ಕಟ್ಟಾಕಿದೀಯಾ ಮಕ್ಕಳಿಗೆ?"

ಅಂದು ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದ ಗುರುಶಾಂತಪ್ಪನವರೇ ಬಾಗಿಲಿಗೆ ಬಂದು ಉತ್ತರ ಹೇಳಿದರು. ತಾರಸಿ ಕುಣಿತ ತಡೆಯುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ ಎಂದು.

ಸೊಣ್ಣಮ್ಮ ಸೊಪ್ಪು ಕೆಳಗಿಟ್ಟಳು. "ಯಾವ ತಾರಸಿ ಸ್ವಾಮಿ, ಇದಾ? ಇದನ್ನ ಬಡಿದವಳು ನಾನಲ್ವಾ?"

"ಬಡಿದಿದ್ದು ಸರಿ..."

"ಏನ್ ಸರಿ? ನೀವು ಬಸ್ಸು ಹತ್ತಿ ಹೋಗ್ತಿದ್ರಿ. ಸಾಯಂಕಾಲ ಬರೋಷ್ಟ್ರಲ್ಲಿ ನಾವು ಇಳಿದು ಹೋಗಿರ್ತಿದ್ವಿ. ನೀವೆಲ್ಲಿ ಕಂಡ್ರಿ? ಇಪ್ಪತ್ತೆರಡು ಜನ ಹೆಂಗಸರು. ಒಂಬತ್ತು ದಿವಸ. ಸಾಲಾಗಿ ಕೂತು, ಪದ ಹೇಳ್ಕಂಡು, ಒಂದೇ ಏಟಿಗೆ ಇಪ್ಪತ್ತೆರಡು ಕೊಡತಿ ಬೀಳ್ತಿತ್ತು. ಕೊಡತಿ ಅಂದ್ರೆ ಏನು, ಮರದ ಗುಂಡು. ಗಾರೆ ಇನ್ನೂ ಹಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಕುಡಿದು ಕುಡಿದು ಎಮ್ಮೆ ಹಂಗೆ ಭಾರ. ಆವಾಗ್ಲೇ ಅಲ್ಲಾಡ್ಲಿಲ್ಲ. ಈಗ ಒಣಗಿ ಕಲ್ಲಾಗೈತೆ. ಈ ಗುಬ್ಬಚ್ಚಿಗಳಿಗೆ ಹೆದ್ರುತೀರಾ?"

ಗುರುಶಾಂತಪ್ಪ ಇಪ್ಪತ್ತಾರು ವರ್ಷ ತಾರಸಿಗಳನ್ನು ಕಾಗದದ ಮೇಲೆ ಬರೆದಿದ್ದರು. ಅದು ತಾರಸಿಯಾಗುವುದನ್ನು ಒಮ್ಮೆಯೂ ನೋಡಿರಲಿಲ್ಲ. ಒಂದೇ ಏಟಿಗೆ ಬೀಳುವ ಇಪ್ಪತ್ತೆರಡು ಕೊಡತಿ. ಅದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

"ಕಡೇ ದಿವಸ ಕುಣಿದೂ ಇದ್ವಿ ಸ್ವಾಮಿ. ಕಾಯಿ ಒಡೆದು ಬೆಲ್ಲ ಹಂಚಿದ್ಮೇಲೆ. ಕೇಳಿ ಬೇಕಾದ್ರೆ, ನಿಮ್ಮ ಮನೆಯೋರೂ ಕುಣಿದ್ರು. ಅವರ ಪಾದ ಹಸೀ ಗಾರೆ ಮೇಲೆ ಮೂಡಿ ನಾನೇ ಮತ್ತೆ ಸವರ್ದೆ."

ಜಯದೇವಿ ಕೈಲಿದ್ದ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಸೊಣ್ಣಮ್ಮ ಕಾಸು ತೆಗೆದುಕೊಂಡು ಹೊರಟು, ಮಕ್ಕಳೂ ಹೋದ ಮೇಲೆ ಗುರುಶಾಂತಪ್ಪ ಅವಳ ಪಕ್ಕ ಕೂತರು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಒಂದು ತಿಂಗಳಿಂದ ಮಕ್ಕಳನ್ನ ಜಗಲಿ ಮೇಲೆ ಕೂರಿಸಿದೀಯ. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ ಹೂಂ ಅಂತಿದ್ರಿ. ನನ್ನ ಮಾತು ನಂಬಿ. ಇಲ್ಲ ಸೊಣ್ಣಮ್ಮನ ಮಾತು ನಂಬಿ. ನಿಮ್ಮ ಲೆಕ್ಕ ನಂಬಿ ಅಲ್ಲ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾಲ್ಕು ವರ್ಷ ಆಯ್ತು ರೀ, ನೀವು ಅಂಗಡಿ ಚಿಲ್ಲರೇನೂ ಎರಡು ಸಲ ಎಣಿಸೋಕೆ ಶುರು ಮಾಡಿ. ಆ ನೋಟುಬುಕ್ಕನ್ನ ನೀವೇ ತೆಗೀಲಿ ಅಂತಿತ್ತು ನನಗೆ. ತೆಗೆದ್ರಲ್ಲ. ಇನ್ನೊಂದು ನಾಲ್ಕು ದಿನ ನೋಡಿ ಹೇಳೋಣ ಅಂತಿದ್ದೆ. ಆ ಅಮ್ಮ ಹೇಳ್ಬಿಟ್ರು."

"ಮಕ್ಕಳು ಎಲ್ಲ ಬಿಟ್ಟು ಹೋಗಿದ್ರೆ?"

"ಹೋಗ್ತಿದ್ರು" ಎಂದಳು ಜಯದೇವಿ. "ಅದೂ ಲೆಕ್ಕ ಹಾಕಿದ್ದೆ."

ಅವಳ ಮಡಿಲಿನಿಂದ ಒಂದು ಕೋಲು ತೆಗೆದುಕೊಂಡು, ಸುಮ್ಮನೆ ತಿರುಗಿಸುತ್ತ, ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಕೂತಿದ್ದರು.

ಶನಿವಾರ ಸೊಣ್ಣಮ್ಮನನ್ನು ಮತ್ತೆ ಕರೆಸಿದರು. ಅವಳು ಜಯದೇವಿಯ ಒನಕೆ ತೆಗೆದುಕೊಂಡು ತಾರಸಿ ಹತ್ತಿ, ಅಡಿಗೊಂದರಂತೆ ಕುಟ್ಟಿ ಕಿವಿಗೊಟ್ಟು ನಡೆದಳು. ಗುರುಶಾಂತಪ್ಪ ಹಿಂದೆ ಹಿಂದೆ. ಎಲ್ಲ ಕಡೆ ಗಟ್ಟಿಯಾಗಿ ಟಣ್ ಎಂದಿತು. ಮಳೆನೀರು ಇಳಿಯುವ ಮೂಲೆಯಲ್ಲಿ ಮಾತ್ರ ಬೊದ್ ಎಂದಿತು.

"ಈ ಮೂಲೆ ನೀರು ಕುಡಿದೈತೆ. ಇಲ್ಲಿ ಬೇಡ."

"ಎಲ್ಲೀ ತನಕ?"

ಅವಳು ಹೆಬ್ಬೆರಳಿನಿಂದ ತೋರಿಸಿದಳು. ಅವರು ಅಲ್ಲಿಂದ ಎರಡಡಿ ಹೆಚ್ಚು ಬಿಟ್ಟು, ಸುಣ್ಣ ಹಚ್ಚಿದ ದಾರ ಎಳೆದು ಮೀಟಿ ಒಂದು ಬಿಳಿ ಗೆರೆ ಮೂಡಿಸಿದರು. ಕಚೇರಿಯಲ್ಲಿ ಎಳೆದ ಸಾವಿರಾರು ಗೆರೆಗಳಲ್ಲಿ ಯಾವುದಕ್ಕೂ ಅವರು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಮೋಡ ಸರಿದು ಬಿಸಿಲು ಬಂತು. ಬಿಟ್ಟುಹೋಗಿದ್ದವರೂ ಸೇರಿ ಹುಡುಗಿಯರು ಹಿತ್ತಲ ಮೆಟ್ಟಿಲು ಹತ್ತಿದರು. ಗುರುಶಾಂತಪ್ಪ ಗೇಟಿನ ಬಳಿ ನಿಂತು ಒಬ್ಬೊಬ್ಬರನ್ನೂ ಎಣಿಸಿ ಬಿಟ್ಟರು. ಕಾತ್ಯಾಯಿನಿಯ ಜೊತೆ ಸತ್ಯಭಾಮಾ ಕೂಡ ಬಂದಳು.

"ಗಟ್ಟಿ ಇದೆ ತಾನೇ, ಸಾರ್?"

"ಇದೆ" ಎಂದರು. ಹೇಳಿದ ಮೇಲೆ, ಆ ಮಾತು ತಮ್ಮ ಬಾಯಿಂದ ಒಂದೇ ಸಲಕ್ಕೆ ಬಂದದ್ದು ಅವರಿಗೇ ಸೋಜಿಗವಾಯಿತು. ಸತ್ಯಭಾಮಾ ಮಗಳ ಕೈಗೆ ಕೋಲು ಕೊಟ್ಟು ರಸ್ತೆ ದಾಟಿ ಹೋದಳು.

ಅವರು ಮೇಲೆ ಹೋಗಲಿಲ್ಲ. ನಡುಮನೆಗೆ ಬಂದು ಬಾಗಿಲು ಓರೆ ಮಾಡಿದರು. ನಡುವಿನ ಜಂತೆಯ ಕೆಳಗೆ, ಗೋಡೆಯಿಂದ ಗೋಡೆಗೆ, ಬೆಳಿಗ್ಗೆಯೇ ಒಂದು ದಾರ ಬಿಗಿದಿದ್ದರು. ಜಂತೆಗೆ ಒಂದು ಅಳತೆಪಟ್ಟಿ ಅಂಟಿಸಿದ್ದರು. ಜಂತೆ ತಗ್ಗಿದರೆ ದಾರದ ಮೇಲೆ ಪಟ್ಟಿ ಸರಿಯುತ್ತದೆ. ಸ್ಟೂಲಿನ ಮೇಲೆ ಹತ್ತಿ, ಕನ್ನಡಕ ಒರೆಸಿಕೊಂಡು, ಅಲ್ಲೇ ನಿಂತರು.

ಮೇಲೆ ಜಯದೇವಿಯ ದನಿ. ಆಮೇಲೆ ಕೋಲುಗಳ ಮೊದಲ ಏಟು. ಇಪ್ಪತ್ತು ಚಿಲ್ಲರೆ ಜೊತೆ ಕಾಲು ಒಟ್ಟಿಗೆ ನೆಲಕ್ಕೆ ಬಿದ್ದವು. ಜಂತೆಯ ಸಂದಿನಿಂದ ಒಂದು ಚಿಟಿಕೆ ಸುಣ್ಣದ ಪುಡಿ ಉದುರಿ ಅವರ ಹುಬ್ಬಿನ ಮೇಲೆ ಕೂತಿತು. ಪಟ್ಟಿ ಕೂದಲೆಳೆಯಷ್ಟು ಇಳಿಯಿತು, ಮತ್ತೆ ಮೇಲೆ ಬಂತು. ಇಳಿಯಿತು, ಬಂತು. ಮರ ಉಸಿರಾಡುವಂತೆ. ಅವರ ಉಸಿರೂ ಅದರ ಜೊತೆಯೇ ಇಳಿದು ಏರಿತು. ಹಾಡು ಎರಡನೇ ಕಾಲಕ್ಕೆ ಏರಿದಾಗಲೂ ಪಟ್ಟಿ ಮೊದಲಿನ ಗೆರೆ ದಾಟಲಿಲ್ಲ.

ಎಷ್ಟು ಹೊತ್ತು ನಿಂತಿದ್ದರೋ, ಹಿಂದೆ ಬಾಗಿಲು ಸರಿಯಿತು. ಜಯದೇವಿ ಹಣೆಯ ಬೆವರು ಒರೆಸುತ್ತ ನಿಂತಿದ್ದಳು. ಮೇಲೆ ಹುಡುಗಿಯರು ನೀರು ಕುಡಿಯುವ ಗಲಾಟೆ. ಅವಳು ದಾರ ನೋಡಿದಳು, ಪಟ್ಟಿ ನೋಡಿದಳು, ನಟ್ಟನಡುವೆ ಸ್ಟೂಲಿನ ಮೇಲೆ ತಲೆಯೆತ್ತಿ ನಿಂತ ಗಂಡನನ್ನು ನೋಡಿದಳು.

"ಹೊರಗಡೆ ನಿಂತು ಕಿಟಕೀಲಿ ನೋಡಿದ್ರೆ ಆಗ್ತಿರ್ಲಿಲ್ವಾ ಇದನ್ನ?"

"ಕಾಣ್ತಿರ್ಲಿಲ್ಲ."

"ಸುಳ್ಳು."

ಗುರುಶಾಂತಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಲೆಕ್ಕ ಹಾಕಿದೋನು ಕೆಳಗೆ ಇರ್ಬೇಕು, ಜಯಾ. ನೀವೆಲ್ಲ ಮೇಲಿದ್ದು ನಾನು ಬೀದೀಲಿ ನಿಂತ್ರೆ ಹೇಗೆ?"

ಜಯದೇವಿ ಹತ್ತಿರ ಬಂದು, ಅವರ ಹುಬ್ಬಿನ ಮೇಲಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದಳು. ಕೈ ಹಿಡಿದು ಸ್ಟೂಲಿನಿಂದ ಇಳಿಸಿದಳು.

"ಆ ಲೆಕ್ಕದಲ್ಲಿ ನಿಮ್ಮನ್ನ ಸೇರಿಸಿದೀರಾ?"

"ಇಲ್ಲ. ನಾನು ಮೇಲೆ ಬರಲ್ಲವಲ್ಲ."

"ಸೇರಿಸಿ. ಕಲ್ಯಾಣಿ ಬಂದಿಲ್ಲ, ಜ್ವರವಂತೆ. ಇಪ್ಪತ್ತಮೂರೇ ಇರೋದು. ಕಾತ್ಯಾಯಿನಿಗೆ ಜೊತೆ ಇಲ್ಲ, ಒಬ್ಬಳೇ ಗಾಳಿಗೆ ಹೊಡೀತಾ ನಿಂತಿದಾಳೆ."

ಅವರು ಒಂದು ಕ್ಷಣ ಛಾವಣಿಯ ಕಡೆ ಕಣ್ಣೆತ್ತಿದರು. ತುಟಿ ಅಲುಗಿತು. ತಮ್ಮದು ನೂರ ಹತ್ತು, ಎರಡರಿಂದ ಗುಣಿಸಿದರೆ ಇನ್ನೂರ ಇಪ್ಪತ್ತು. ಜ್ವರ ಬಂದ ಹುಡುಗಿಯನ್ನು ಕಳೆಯಬೇಕಿತ್ತು, ಕಳೆಯಲಿಲ್ಲ. ಆದರೂ ಮಿಗುತ್ತಿತ್ತು. ಒಂದೇ ಸಲ ಎಣಿಸಿ, ಅವಳ ಹಿಂದೆ ಮೆಟ್ಟಿಲು ಹತ್ತಿದರು.

ತಾರಸಿಯ ಮೇಲೆ ಲಾಲ್‌ಬಾಗಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಕಾತ್ಯಾಯಿನಿ ಎರಡು ಕೋಲು ತಂದು ಅವರ ಕೈಗಿಟ್ಟಳು. ಅವರು ಅವನ್ನು ನಕ್ಷೆ ಬರೆಯುವ ಲೇಖನಿ ಹಿಡಿದಂತೆ ಮೂರು ಬೆರಳಲ್ಲಿ ಹಿಡಿದರು.

"ಹಾಗಲ್ಲ ಮಾಮ, ಮುಷ್ಟೀಲಿ. ನಾನು ಬಲಕ್ಕೆ ಹೊಡೆದಾಗ ನೀವು ಎಡಕ್ಕೆ ಕೊಡಿ."

ಜಯದೇವಿ ತಾಳ ಹೇಳಿದಳು. ಮೊದಲನೇ ಏಟಿಗೆ ಅವರ ಕೋಲು ತಡವಾಯಿತು. ಎರಡನೆಯದು ಅವರ ಬೆರಳಿನ ಗಿಣ್ಣಿಗೇ ಬಿತ್ತು. ಮೂರನೆಯದಕ್ಕೆ ಕಾಲೂ ಎತ್ತಬೇಕೆಂದು ನೆನಪಾಗಿ, ಕೋಲು ಮರೆತುಹೋಯಿತು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನಗು ಹರಿಯಿತು. ಜಯದೇವಿ ನಗುತ್ತಲೇ ತಾಳ ಬಿಡದೆ ಎಣಿಸುತ್ತಿದ್ದಳು. ಗುರುಶಾಂತಪ್ಪ ನಾಲಿಗೆಯ ತುದಿ ಕಚ್ಚಿಕೊಂಡು, ಪಂಚೆಯನ್ನು ಸ್ವಲ್ಪ ಎತ್ತಿ ಕಟ್ಟಿ, ಬಲಗಾಲನ್ನು ಪೂರ್ತಿ ಭಾರ ಬಿಟ್ಟು ತಾರಸಿಯ ಮೇಲೆ ಊರಿದರು. ಕೋಲಿಗೆ ಕೋಲು ತಗುಲಿತು.

"ಹಾಂ, ಹಾಗೇ ಮಾಮ" ಎಂದಳು ಕಾತ್ಯಾಯಿನಿ, ಆಗಲೇ ಮುಂದಿನ ಏಟಿಗೆ ಕೈ ಎತ್ತಿ. "ನಿಲ್ಲಿಸ್ಬೇಡಿ."